ಬಿದ್ದರೂ ಪೆಟ್ಟಾಗದ ನೆಲ

ಹೈದರಾಬಾದಿನ ಮಾಲ್ ಇರಲಿ, ಪುಣೆಯದಿರಲಿ, ಮಕ್ಕಳ ಸಾಫ್ಟ್ ಪ್ಲೇ ಏರಿಯಾದ ಬಾಗಿಲಲ್ಲಿ ನಡೆಯುವುದು ಒಂದೇ. ಚಪ್ಪಲಿ ಬಿಡಿ, ಸಾಕ್ಸ್ ಹಾಕಿ. ಸಾಕ್ಸ್ ತಂದಿಲ್ಲವೇ, ಕೌಂಟರಿನಲ್ಲೇ ಕೊಳ್ಳಿ. ಮಗುವಿನ ಮಣಿಕಟ್ಟಿಗೆ ಒಂದು ಕಾಗದದ ಪಟ್ಟಿ, ಅದರ ಮೇಲೆ ಒಳಹೋದ ಸಮಯ. ಒಳಗೆ ರೆಕ್ಸಿನ್ ಹೊದಿಸಿದ ಸ್ಪಂಜಿನ ಮೆಟ್ಟಿಲು, ಬಲೆಯ ಗೋಡೆ, ಜಾರುಬಂಡೆ, ಅದರ ಬುಡದಲ್ಲಿ ಸಾವಿರಾರು ಪ್ಲಾಸ್ಟಿಕ್ ಚೆಂಡು. ಹೊರಗಿನ ಬೆಂಚಿನ ಮೇಲೆ ಮೊಬೈಲ್ ಹಿಡಿದ ಅಪ್ಪ ಅಮ್ಮ, ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತ ಆಯಾ. ಟೈಮಾಯಿತು ಎಂದು ಕರೆದಾಗ ಮೂರು ವರ್ಷದ ಮಗು ಮಾಡುವ ರಂಪಾಟವೂ ಎಲ್ಲ ಊರಲ್ಲೂ ಒಂದೇ.

ಇದು ಮಾಲ್‌ನವರೇ ಹುಟ್ಟಿಸಿದ ವ್ಯಾಪಾರ ಅನ್ನಿಸುವುದು ಸಹಜ. ಆದರೆ ಇದಕ್ಕೆ ಐವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ, ಮತ್ತು ಅದು ಶುರುವಾದದ್ದು ಸರ್ಕಾರ ಕಟ್ಟಿಸಿದ ಒಂದು ಉದ್ಯಾನದಲ್ಲಿ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಟೊರಾಂಟೊ ನಗರದ ಅಂಚಿನಲ್ಲಿ, ಸರೋವರಕ್ಕೆ ಮಣ್ಣು ತುಂಬಿಸಿ ದ್ವೀಪಗಳನ್ನು ಮಾಡಿ, 1971ರಲ್ಲಿ ಒಂಟಾರಿಯೊ ಪ್ಲೇಸ್ ಎಂಬ ವಿಹಾರತಾಣ ತೆರೆಯಿತು. ಚೆಂದದ ಕಟ್ಟಡಗಳಿದ್ದವು, ದೊಡ್ಡ ಪರದೆಯ ಸಿನಿಮಾ ಇತ್ತು, ಮಕ್ಕಳಿಗೆ ಮಾತ್ರ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮರುವರ್ಷ ಆ ಕೊರತೆ ತುಂಬಿದವನು ಎರಿಕ್ ಮ್ಯಾಕ್‌ಮಿಲನ್, ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಬಂದಿದ್ದ ಮೂವತ್ತರ ಆಸುಪಾಸಿನ ವಿನ್ಯಾಸಗಾರ. ಅವನು ರೂಪಿಸಿದ ಚಿಲ್ಡ್ರನ್ಸ್ ವಿಲೇಜ್‌ನಲ್ಲಿ ಏರಲು ಹಗ್ಗದ ಬಲೆಗಳಿದ್ದವು. ಬಾಕ್ಸಿಂಗ್ ಕಲಿಯುವವರು ಗುದ್ದುತ್ತಾರಲ್ಲ, ಅಂಥ ಚೀಲಗಳನ್ನು ಸಾಲಾಗಿ ತೂಗುಹಾಕಿದ ಒಂದು 'ಕಾಡು' ಇತ್ತು. ಎದ್ದು ನಿಲ್ಲಲಾಗದಷ್ಟು ಮೆತ್ತಗಿನ ಒಂದು ಫೋಮ್ 'ಕೆಸರುಗದ್ದೆ' ಇತ್ತು.

ಇದರ ಹೊಸತನ ತಿಳಿಯಲು ಅದಕ್ಕೆ ಮುಂಚಿನ ಆಟದ ಮೈದಾನವನ್ನು ನೆನೆಯಬೇಕು. ಅದು ಕಬ್ಬಿಣದ್ದು. ನಮ್ಮ ಶಾಲೆಗಳಲ್ಲಿ ಇವತ್ತಿಗೂ ಕಾಣುವ ಪೈಪುಗಳ ಜಂಗಲ್ ಜಿಮ್‌ಗೆ 1920ರ ದಶಕದಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ವಕೀಲ ಸೆಬಾಸ್ಟಿಯನ್ ಹಿಂಟನ್. (ಅವನ ಅಪ್ಪ ಗಣಿತಜ್ಞ. ಜಪಾನಿನಲ್ಲಿದ್ದಾಗ ಮಕ್ಕಳಿಗೆ ಮೂರು ಆಯಾಮದ ಜ್ಯಾಮಿತಿ ಕಲಿಸಲೆಂದು ಬಿದಿರಿನ ಚೌಕಟ್ಟು ಕಟ್ಟಿಕೊಟ್ಟಿದ್ದ. ಮಕ್ಕಳು ಜ್ಯಾಮಿತಿ ಬಿಟ್ಟು ಮಂಗಗಳಂತೆ ನೇತಾಡಿದರು.) ಕಬ್ಬಿಣದ ಮೈದಾನದಲ್ಲಿ ಸುರಕ್ಷತೆಯೆಂದರೆ ದೊಡ್ಡವರ ಬಾಯಿ: ಹುಷಾರು, ಬೀಳ್ತೀಯ, ಇಳಿ ಕೆಳಗೆ. ಮ್ಯಾಕ್‌ಮಿಲನ್ ಆ ಹೊಣೆಯನ್ನು ಬಾಯಿಂದ ನೆಲಕ್ಕೆ ದಾಟಿಸಿದ. ಬೀಳು, ಪರವಾಗಿಲ್ಲ ಎನ್ನುವ ನೆಲ. ಇವತ್ತು ನಿಯಮಗಳ ಬೋರ್ಡು ನೇತಾಡುವ ಪ್ಲೇ ಏರಿಯಾಗಳನ್ನು ನೋಡಿದರೆ, ಮೆತ್ತೆ ಹಾಸಿದ್ದು ಮಕ್ಕಳನ್ನು ಪುಂಡಾಟಕ್ಕೆ ಬಿಡಲೆಂದೇ ಎಂಬುದು ನೆನಪಾಗುವುದಿಲ್ಲ.

ಚೆಂಡಿನ ಕೊಳವೂ ಅವನ ಹೆಸರಿನಲ್ಲೇ ಇದೆ. ಅಡುಗೆಮನೆಯಲ್ಲಿದ್ದ ಈರುಳ್ಳಿ ತುಂಬಿದ ಜಾಡಿ ನೋಡಿ, ಇದರೊಳಗೆ ಈಜಿದರೆ ಹೇಗಿರುತ್ತದೆ ಎಂದು ಹೊಳೆಯಿತಂತೆ. 1976ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಸೀವರ್ಲ್ಡ್‌ನಲ್ಲಿ ಅದು ತಯಾರಾಯಿತು. ಆದರೆ ಸೀವರ್ಲ್ಡ್ ಸರ್ಕಾರದ ಉದ್ಯಾನವಲ್ಲ, ಖಾಸಗಿ ಕಂಪನಿ. ಹಾಗೆ ನೋಡಿದರೆ ಒಂಟಾರಿಯೊ ಪ್ಲೇಸ್ ಕೂಡ ಪುಕ್ಕಟೆಯಾಗಿರಲಿಲ್ಲ, ಗೇಟಿನಲ್ಲಿ ಟಿಕೆಟ್ ಇತ್ತು. ಅಂತೂ ನಾಲ್ಕೇ ವರ್ಷದಲ್ಲಿ ಮೆತ್ತಗಿನ ನೆಲ ಸರ್ಕಾರದ ಕೈಯಿಂದ ವ್ಯಾಪಾರದ ಕೈಗೆ ಬಂದಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಚೆಂಡು, ಬಲೆ, ಕೊಳವೆಗಳನ್ನು ಸೂರಿನಡಿ ತಂದು ಅಂಗಡಿಯಾಗಿಸಿದ ಡಿಸ್ಕವರಿ ಝೋನ್ 1989ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶುರುವಾಯಿತು. ಮೆಕ್‌ಡೊನಾಲ್ಡ್ಸ್ 1991ರಲ್ಲಿ ಲೀಪ್ಸ್ ಅಂಡ್ ಬೌಂಡ್ಸ್ ಎಂಬ ಹೆಸರಿನಲ್ಲಿ ಪೈಪೋಟಿಗಿಳಿದು, 1994ರಲ್ಲಿ ಅದನ್ನು ಡಿಸ್ಕವರಿ ಝೋನ್‌ಗೇ ಒಪ್ಪಿಸಿತು. 1996ಕ್ಕೆ ಡಿಸ್ಕವರಿ ಝೋನ್ ದಿವಾಳಿ ಅರ್ಜಿ ಹಾಕಿತು. ಬರ್ಗರ್ ಕೊಂಡರೆ ಪುಕ್ಕಟೆ ಸಿಗುವ ಆಟಕ್ಕೆ ಬೇರೆ ದುಡ್ಡು ಯಾಕೆ ಕೊಡಬೇಕು? ಆಟವನ್ನು ಮಾರುವುದಕ್ಕಿಂತ ಆಟ ತೋರಿಸಿ ಬೇರೇನಾದರೂ ಮಾರುವುದು ಸುಲಭ.

ಐಕಿಯ ಅದನ್ನು ಚೆನ್ನಾಗಿ ಅರಿತ ಕಂಪನಿ. ಹೈದರಾಬಾದಿನಲ್ಲಿ 2018ರಲ್ಲಿ ತೆರೆದ ಅದರ ಮಳಿಗೆಗೆ ಹೋದವರು ಮಕ್ಕಳನ್ನು ಬಿಡುವ ಆಟದ ಕೋಣೆ ಕಂಡಿರುತ್ತೀರಿ. ಅದರ ಹೆಸರು ಸ್ಮೋಲಂಡ್. ಇಂಗ್ಲಿಷಿನ 'ಸ್ಮಾಲ್' ಕೇಳಿದಂತಾಗಿ, ಚಿಕ್ಕವರ ಲೋಕ ಎಂದು ಅರ್ಥ ಮಾಡಿಕೊಂಡುಬಿಡುತ್ತೇವೆ. ನಿಜಕ್ಕೂ ಅದು ಐಕಿಯದ ಸ್ಥಾಪಕ ಹುಟ್ಟಿದ ಸ್ವೀಡನ್ನಿನ ಸೀಮೆಯ ಹೆಸರು. ಆದರೆ ಆ ಸೀಮೆಯ ಹೆಸರಿನ ಅರ್ಥವೂ 'ಸಣ್ಣ ನಾಡುಗಳು' ಎಂದೇ. ತಪ್ಪು ಅನುವಾದ ಸುತ್ತಿ ಬಳಸಿ ಸರಿಯಾಗುವುದು ಅಪರೂಪ.

ಮ್ಯಾಕ್‌ಮಿಲನ್ನನ ಹಳ್ಳಿಯಿದ್ದ ಒಂಟಾರಿಯೊ ಪ್ಲೇಸ್ 2012ರಲ್ಲಿ ಮುಚ್ಚಿತು. ಈಗ ಅದರ ಪಶ್ಚಿಮ ದ್ವೀಪವನ್ನು ಒಂದು ಖಾಸಗಿ ಸ್ಪಾ ಕಂಪನಿಗೆ 95 ವರ್ಷದ ಗುತ್ತಿಗೆಗೆ ಕೊಟ್ಟಿದ್ದಾರೆ.

ನಮ್ಮಲ್ಲೂ ಮೊದಲು ಸರ್ಕಾರವೇ ಮಕ್ಕಳಿಗಾಗಿ ಕಟ್ಟಿಸಿತು. ಮುಂಬೈಯ ಮಲಬಾರ್ ಹಿಲ್‌ನ ಕಮಲಾ ನೆಹರು ಪಾರ್ಕು, ಅಲ್ಲಿನ ದೈತ್ಯ ಬೂಟು. ಪುಣೆಯ ಪೇಶ್ವೆ ಪಾರ್ಕಿನಲ್ಲಿ 1956ರಲ್ಲಿ ಓಡತೊಡಗಿದ ಪುಟಾಣಿ ರೈಲು ಫುಲ್‌ರಾಣಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನ. ಅವು ಈಗಲೂ ಇವೆ. ಆದರೆ ಚೆನ್ನೈಯ ಮೇ ಬಿಸಿಲಿಗೆ, ಮುಂಬೈಯ ಜುಲೈ ಮಳೆಗೆ, ದಿಲ್ಲಿಯ ನವೆಂಬರ್ ಹೊಗೆಗೆ ಹೆದರಿದ ತಂದೆತಾಯಂದಿರು ಮಾಲ್‌ಗೆ ಹೋಗುತ್ತಾರೆ. ಅವರನ್ನು ದೂರಿ ಉಪಯೋಗವಿಲ್ಲ. ಅಲ್ಲಿಯೂ ಎಲ್ಲ ಸುರಕ್ಷಿತವೇನಲ್ಲ: ಅಮೆರಿಕದ ಫಿಸಿಯೊಥೆರಪಿ ಕ್ಲಿನಿಕ್‌ಗಳ 6 ಚೆಂಡಿನ ಕೊಳಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ 31 ಬಗೆಯ ಬ್ಯಾಕ್ಟೀರಿಯಾ ಸಿಕ್ಕವು.

ದೂರಬೇಕಾದ ವಿಷಯ ಬೇರೆಯಿದೆ. ಮಕ್ಕಳಿಗೆ ಸಿದ್ಧ ಮೈದಾನಕ್ಕಿಂತ ಕಟ್ಟಡ ಕೆಲಸ ನಡೆಯುವ ಜಾಗದ ಮರಳು, ಹಲಗೆ, ಇಟ್ಟಿಗೆಗಳೇ ಇಷ್ಟ ಎಂದು ಗಮನಿಸಿದವನು ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೋರೆನ್ಸೆನ್. 1943ರಲ್ಲಿ ಕೋಪನ್‌ಹೇಗನ್ ಹತ್ತಿರ ಅವನು ಅಂಥದ್ದೇ ಸಾಮಾನು ತುಂಬಿದ ಮೈದಾನ ಮಾಡಿಕೊಟ್ಟ. ನಮ್ಮ ಊರುಗಳಲ್ಲಿ ಆ ಆಟ ಯಾರೂ ರೂಪಿಸದೆಯೇ ನಡೆಯುತ್ತದೆ. ಮಾಲ್ ಕಟ್ಟುವವರ ಮಕ್ಕಳು ಅದು ಮೇಲೇಳುವಾಗ ಜಲ್ಲಿ ರಾಶಿಯ ಮೇಲೆ ಆಡುತ್ತಾರೆ, ಗಾಜು ಕೂರಿಸಿದ ಮೇಲೆ ಮುಂದಿನ ಸೈಟಿಗೆ ಹೋಗುತ್ತಾರೆ. ಅಲ್ಲಿ ಬಿದ್ದರೆ ಕೆಳಗೆ ಫೋಮ್ ಇಲ್ಲ, ಕಬ್ಬಿಣದ ಸರಳು.

ಒಂಟಾರಿಯೊದ ಹಳ್ಳಿಗೆ ಮೂರು ವರ್ಷ ಮೊದಲು, 1969ರಲ್ಲಿ, ದಿಲ್ಲಿಯ ರಾಜ್‌ಘಾಟ್ ಬಳಿ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸ ನಡೆದಿತ್ತು. ಕೂಲಿ ಹೆಂಗಸರ ಕೂಸುಗಳು ಅಲ್ಲೇ ಧೂಳಿನಲ್ಲಿ ಮಲಗಿದ್ದನ್ನು ಕಂಡ ಮೀರಾ ಮಹಾದೇವನ್ ಒಂದು ಡೇರೆ ಹಾಕಿಸಿದರು. ಮೊಬೈಲ್ ಕ್ರೆಶಸ್ ಸಂಸ್ಥೆ ಶುರುವಾದದ್ದು ಹಾಗೆ. ಆಮೇಲೆ ಅದು ಮುಂಬೈ, ಪುಣೆಗೂ ಹೋಯಿತು. ಸರ್ಕಾರದ ಕಾನೂನು ಬಂದದ್ದು 1996ರಲ್ಲಿ, ಡಿಸ್ಕವರಿ ಝೋನ್ ದಿವಾಳಿಯೆದ್ದ ವರ್ಷವೇ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡ ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಕೋಣೆ ಇರಬೇಕೆಂದು ಅದು ಹೇಳಿತು. ಸರಿಯಾಗಿ ಐವತ್ತೇ ಹೆಂಗಸರಿದ್ದ ಸೈಟಿನಲ್ಲಿ ಮೇಸ್ತ್ರಿ ಏನೂ ಮಾಡಬೇಕಿರಲಿಲ್ಲ.