ಹೆಸರು, ನುಡಿ, ಜನ: ಬರ್ಬರ್ ಮತ್ತು ತುವಾರೆಗ್ ಮೂಲದ ಚರ್ಚೆಗೆ ಒಂದು ಟಿಪ್ಪಣಿ

ಉತ್ತರ ಆಫ್ರಿಕದ ಬರ್ಬರರು ಎಲ್ಲಿಂದ ಬಂದವರು ಎಂಬ ಪ್ರಶ್ನೆ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಕ್ರಿ.ಪೂ. 1ನೇ ಶತಮಾನದ ರೋಮನ್ ಇತಿಹಾಸಕಾರ ಸಲ್ಲಸ್ಟ್, ಹರ್ಕ್ಯುಲಿಸನ ಸೇನೆಯಲ್ಲಿದ್ದ ಮೀಡರು, ಪರ್ಷಿಯನ್ನರು ಮತ್ತು ಅರ್ಮೇನಿಯನ್ನರು ಸ್ಥಳೀಯರೊಡನೆ ಬೆರೆತರೆಂದೂ, ‘ಮೀಡ’ ಎಂಬ ಹೆಸರು ಲಿಬಿಯನ್ನರ ಬಾಯಲ್ಲಿ ಮಾರ್ಪಟ್ಟು ‘ಮೌರ’ ಆಯಿತೆಂದೂ ಬರೆದ. 6ನೇ ಶತಮಾನದ ಪ್ರೊಕೋಪಿಯಸ್ ಅವರನ್ನು ಯೆಹೋಶುವನಿಂದ ತಪ್ಪಿಸಿಕೊಂಡು ಬಂದ ಕಾನಾನ್ಯರೆಂದ. ಅರಬ್ ವಂಶಾವಳಿಕಾರರಲ್ಲಿ ಹಲವರು ಯೆಮನ್ನಿನ ಹಿಮ್ಯರ್ ಅರಸರ ದಂಡಯಾತ್ರೆಗೆ ಕಥೆಯನ್ನು ಜೋಡಿಸಿದರು. 14ನೇ ಶತಮಾನದ ಇಬ್ನ್ ಖಲ್ದೂನ್ ಆ ದಂಡಯಾತ್ರೆಯನ್ನು ಅಸಂಭವವೆಂದು ತಳ್ಳಿಹಾಕಿದನಾದರೂ ಬರ್ಬರರು ಕಾನಾನನ ಸಂತತಿಯೆಂಬುದನ್ನು ಉಳಿಸಿಕೊಂಡ. ಈ ಕಥನಗಳೆಲ್ಲವೂ ಪೂರ್ವದಿಕ್ಕಿನಿಂದ ಬಂದ ಮೂಲಪುರುಷರನ್ನು ಹುಡುಕುತ್ತವೆ. ಹಲವೆಡೆ ಹೆಸರುಗಳ ಹೋಲಿಕೆಯೇ ಅವುಗಳ ಆಧಾರ. ಹೆಸರು, ನುಡಿ, ಜನ ಎಂಬ ಮೂರಕ್ಕೂ ಬೇರೆ ಬೇರೆ ಚರಿತ್ರೆ, ಬೇರೆ ಬೇರೆ ವಯಸ್ಸು ಇವೆ. ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಹೊರಿಸಿದ್ದರಿಂದಲೇ ಚರ್ಚೆ ದಾರಿ ತಪ್ಪಿದೆ ಎಂಬುದು ಪ್ರಸ್ತುತ ಬರಹದ ವಾದ.

ಮೊದಲು ನುಡಿ. ಬರ್ಬರ್ ಭಾಷೆಗಳು ಆಫ್ರೋ-ಏಷ್ಯಾಟಿಕ್ ಕುಟುಂಬದ ಒಂದು ಸ್ವತಂತ್ರ ಶಾಖೆ. ಸೆಮಿಟಿಕ್, ಈಜಿಪ್ಟಿಯನ್, ಕುಶಿಟಿಕ್ ಮತ್ತು ಚಾಡಿಕ್ ಅದರ ಸೋದರ ಶಾಖೆಗಳು. ಕ್ರಿಯಾಪದದ ಪೂರ್ವಪ್ರತ್ಯಯಗಳಾಗಿ ಪ್ರಥಮ ಪುರುಷ ಪುಲ್ಲಿಂಗಕ್ಕೆ ಯ್-, ಸ್ತ್ರೀಲಿಂಗಕ್ಕೆ ತ್-, ಉತ್ತಮ ಪುರುಷ ಬಹುವಚನಕ್ಕೆ ನ್- ಬರುವುದು ಬರ್ಬರ್‌ನಲ್ಲೂ ಅರಬ್ಬಿಯಲ್ಲೂ ಸಮಾನ. ಈ ಹೋಲಿಕೆಯನ್ನು ತೋರಿಸಿ ಬರ್ಬರನ್ನು ಅರಬ್ಬಿಯ ಕವಲೆನ್ನುವುದು ಸಲ್ಲದು, ಏಕೆಂದರೆ ಇದೇ ವಿನ್ಯಾಸ ಕುಶಿಟಿಕ್‌ನಲ್ಲೂ ಉಳಿದಿದೆ. ಅದು ಇಡೀ ಕುಟುಂಬದ ಪಿತ್ರಾರ್ಜಿತವೇ ಹೊರತು ಯೆಮನ್ನಿನಿಂದ ಬಂದ ಎರವಲಲ್ಲ. 1950ರ ದಶಕದಿಂದ ಜೋಸೆಫ್ ಗ್ರೀನ್‌ಬರ್ಗ್ ‘ಹ್ಯಾಮಿಟಿಕ್’ ಎಂಬ ವರ್ಗವನ್ನೇ ಕೈಬಿಟ್ಟದ್ದು ಮುಖ್ಯ ತಿರುವು. ಮೈಬಣ್ಣ ಮತ್ತು ಪಶುಪಾಲನೆಗಳನ್ನು ಭಾಷೆಯೊಡನೆ ಬೆರೆಸಿ ವಸಾಹತುಕಾಲದ ಜನಾಂಗಶಾಸ್ತ್ರ ಕಟ್ಟಿದ ಸೌಧಕ್ಕೆ ಆ ವರ್ಗವೇ ತಳಪಾಯವಾಗಿತ್ತು.

ನುಡಿಯ ನಿರಂತರತೆಗೆ ಶಾಸನಾಧಾರವೂ ಇದೆ. ಟುನೀಸಿಯದ ದುಗ್ಗಾದಲ್ಲಿ ದೊರೆತ, ಕ್ರಿ.ಪೂ. 138ರ ಸುಮಾರಿನ ಪ್ಯೂನಿಕ್–ಲಿಬಿಯನ್ ದ್ವಿಭಾಷಾ ಶಾಸನ ಮಸಿನಿಸ್ಸ ಅರಸನ ಸ್ಮರಣೆಯದು. ಅದರ ಲಿಬಿಯನ್ ಪಾಠದಲ್ಲಿ ‘ಅರಸ’ ಎಂಬರ್ಥದ ಗ್-ಲ್-ದ್ ಎಂಬ ವ್ಯಂಜನರೂಪ ಬರುತ್ತದೆ. ಇಂದಿನ ಕಬೈಲ್ ಮಾತಿನ ‘ಅಗೆಲ್ಲಿದ್’ ಅದೇ ಪದ. ಈ ಲಿಪಿಯ ವಂಶದಲ್ಲೇ ತುವಾರೆಗರ ತಿಫಿನಾಘ್ ಬೆಳೆದುಬಂದಿತು.

ತುವಾರೆಗ್ ಮಾತುಗಳ ಸ್ಥಾನವನ್ನು ಧ್ವನಿನಿಯಮಗಳು ಖಚಿತಪಡಿಸುತ್ತವೆ. ‘ಇರುಳು’ ಎಂಬರ್ಥದ ಪದ ಕಬೈಲ್‌ನಲ್ಲಿ ‘ಇಡ್’; ಲಿಬಿಯದ ಔಜಿಲಾದಲ್ಲಿ ‘ಅವಟ್’, ಅಲ್ಜೀರಿಯದ ಅಹಗ್ಗಾರ್ ತುವಾರೆಗ್‌ನಲ್ಲಿ ‘ಏಹಡ್’. ಮೂಲ-ಬರ್ಬರಿನ ಒಂದು ಓಷ್ಠ್ಯ ಘರ್ಷಧ್ವನಿ ಔಜಿಲಾದಲ್ಲಿ ವ-ಕಾರವಾಗಿ, ತುವಾರೆಗ್‌ನಲ್ಲಿ ಹ-ಕಾರವಾಗಿ ಉಳಿದು, ಕಬೈಲ್‌ನಲ್ಲಿ ಲೋಪಗೊಂಡಿದೆ. ಆದ್ದರಿಂದ ತುವಾರೆಗ್ ಇಂದಿನ ಉತ್ತರದ ಉಪಭಾಷೆಗಳಿಂದ ಒಡೆದ ತುಣುಕಲ್ಲ, ಅವುಗಳ ಸಮಕ್ಷಮದ ಕವಲು. ಆದರೂ ಅದು ಏಕಾಂತದಲ್ಲಿ ಬೆಳೆಯಲಿಲ್ಲ. ಪಾಪಕ್ಕೆ ‘ಅಬೆಕ್ಕಡ್’, ದೇವದೂತನಿಗೆ ‘ಅಂಜೆಲೂಸ್’, ಬಲಿಯ ಹಬ್ಬಕ್ಕೆ ‘ತಫಸ್ಕೆ’ ಎಂಬ ತುವಾರೆಗ್ ಪದಗಳ ಹಿಂದೆ ಕ್ರಮವಾಗಿ ಲ್ಯಾಟಿನ್ನಿನ ‘ಪೆಕ್ಕಾತುಂ’, ‘ಆಂಜೆಲುಸ್’, ‘ಪಾಸ್ಖಾ’ ಇವೆ. ಈ ಪದಗಳು ನೆರೆಯ ಬರ್ಬರರ ಮೂಲಕವೂ ಬಂದಿರಬಹುದಾದ್ದರಿಂದ, ಅವು ವಲಸೆಗಲ್ಲ, ಸಂಪರ್ಕಕ್ಕೆ ಮಾತ್ರ ಸಾಕ್ಷಿ.

ಹೆಸರುಗಳ ವಿಷಯ ಇನ್ನಷ್ಟು ಸೂಕ್ಷ್ಮ. ಹವ್ವಾರ ಬುಡಕಟ್ಟಿನ ಒಂದು ಭಾಗ ಮರಳುಗಾಡು ದಾಟಿತು, ವ-ಕಾರ ಬದಲಾಗಿ ಅವರ ಹೆಸರು ‘ಹಗ್ಗಾರ’ದಂತಾಯಿತು ಎಂದು ಇಬ್ನ್ ಖಲ್ದೂನ್ ಹೇಳುತ್ತಾನೆ. ದ್ವಿತ್ವ ವ-ಕಾರ ಗ್ಗ-ಕಾರವಾಗುವುದು ಬರ್ಬರ್ ಭಾಷೆಗಳಲ್ಲಿ ಸುಪರಿಚಿತ. ಹಾಗಾಗಿ, ಸಲ್ಲಸ್ಟನ ಮೀಡ–ಮೌರ ನಿರುಕ್ತಿಗೆ ಇಲ್ಲದ ಧ್ವನಿಬಲ ಈ ನಿರುಕ್ತಿಗೆ ಇದೆ. ಆದರೆ ಹೆಸರು ಸಾಗಿಬಂದ ಮಾತ್ರಕ್ಕೆ ಅದನ್ನು ಹೊತ್ತವರೆಲ್ಲರೂ ಒಂದೇ ವಂಶದವರೆಂದಾಗದು. ತುವಾರೆಗ್ ಕುಲೀನರು ಮೂಲಮಾತೆಯೆಂದು ಹೇಳುವ ತಿನ್ ಹಿನಾನ್ ಮೊರೊಕ್ಕೊದ ತಾಫಿಲಾಲ್ತ್‌ನಿಂದ ಬಂದ ಮುಸ್ಲಿಂ ರಾಣಿ ಎಂಬುದು ಐತಿಹ್ಯ. ಅವಳದೆಂದು ನಂಬಲಾದ, 1925 ಮತ್ತು 1933ರಲ್ಲಿ ಉತ್ಖನನಗೊಂಡ ಅಬಲೆಸ್ಸಾದ ಗೋರಿಯಾದರೋ ಇಸ್ಲಾಮಿಗಿಂತ ಹಿಂದಿನದು.

ಇನ್ನು ಜನ. ಮೊರೊಕ್ಕೊದ ತಾಫೊರಾಲ್ತ್ ಗುಹೆಯ ಸುಮಾರು 15,000 ವರ್ಷ ಹಳೆಯ ಅಸ್ಥಿಗಳ ತಳಿಶಾಸ್ತ್ರೀಯ ವಿಶ್ಲೇಷಣೆ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಪಶ್ಚಿಮ ಏಷ್ಯದ ನಟೂಫಿಯನ್ನರಿಗೆ ಹತ್ತಿರದ ಅಂಶವೂ ಸಹಾರಾದ ದಕ್ಷಿಣದ ಅಂಶವೂ ಕೂಡಿವೆ. ನವಶಿಲಾಯುಗದ ಕೊನೆಗೆ ಐಬೀರಿಯದ ಕಡೆಯ ಅಂಶ ಸೇರಿದೆ. ಬರ್ಬರ್ ಭಾಷೆಗಳ ಪರಸ್ಪರ ಸಾಮೀಪ್ಯವಾದರೋ ಮೂಲ-ಬರ್ಬರ್ ಕೆಲವೇ ಸಾವಿರ ವರ್ಷಗಳ ಹಿಂದಿನದೆಂದು ಸೂಚಿಸುತ್ತದೆ. ತಾಫೊರಾಲ್ತ್‌ನ ಅಸ್ಥಿಗಳು ತಮ್ಮ ನುಡಿಯನ್ನು ಹೇಳಲಾರವು; ಈ ಎರಡು ವಯಸ್ಸುಗಳ ನಡುವಿನ ಕಂದರವನ್ನು ‘ಆದಿವಾಸಿ’ ಎಂಬ ಒಂದೇ ಪದದಿಂದ ಮುಚ್ಚಲಾಗದು.

ಇದು ಕೇವಲ ಪಂಡಿತರ ಜಗಳವಲ್ಲ. ಯೆಮನ್ ಮೂಲದ ಕಥೆ ಬರ್ಬರ್ ನುಡಿಗೆ ಪ್ರತ್ಯೇಕ ಮಾನ್ಯತೆ ಅನಗತ್ಯವೆನ್ನಲು ಬಳಕೆಯಾಗಿದೆ. ಆ ನುಡಿ ಅಧಿಕೃತ ಭಾಷೆಯಾದದ್ದು ಮೊರೊಕ್ಕೊದಲ್ಲಿ 2011ರಲ್ಲಿ, ಅಲ್ಜೀರಿಯದಲ್ಲಿ 2016ರಲ್ಲಿ. ಇತ್ತ, ರಕ್ತಶುದ್ಧಿಯ ಕಥೆ ತುವಾರೆಗ್ ಸಮಾಜದೊಳಗೇ ಒಂದು ಗೆರೆ ಎಳೆಯುತ್ತದೆ. ‘ಅಮಾಜ಼ಿಘ್’ ಪದದ ಜ್ಞಾತಿರೂಪವಾದ ‘ಇಮಾಜೆಘನ್’ ನೈಜರ್‌ನಲ್ಲಿ ಕುಲೀನರಿಗೆ ಮಾತ್ರ ಸಲ್ಲುವ ಹೆಸರು. ಒಂದು ಕಾಲದಲ್ಲಿ ಗುಲಾಮರಾಗಿದ್ದ ಇಕ್ಲಾನರ ಮಕ್ಕಳಿಗೂ ತಾಯ್ನುಡಿ ಅದೇ ತುವಾರೆಗ್. ಆದರೆ ವಂಶವನ್ನೇ ಮಾನದಂಡವಾಗಿಸಿದರೆ ಅವರು ಹೊರಗಿನವರಾಗುತ್ತಾರೆ. ‘ತುವಾರೆಗ್’ ಎಂಬುದು ಅನ್ಯರು ಇತ್ತ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರುಗಳಲ್ಲೊಂದು ‘ಕೆಲ್ ತಮಾಶೆಕ್’, ಎಂದರೆ ತಮಾಶೆಕ್ ನುಡಿಯ ಜನ. ಭಾಷಾಶಾಸ್ತ್ರ ಇಷ್ಟನ್ನು ಮಾತ್ರ ಸಾಧಿಸಬಲ್ಲದು. ಮೂಲದ ಚರ್ಚೆ ನ್ಯಾಯವಾಗಿ ನಡೆಯಬೇಕಾದರೆ ಆರಂಭವಾಗಬೇಕಾದದ್ದೂ ಇಲ್ಲಿಂದಲೇ.