ಬಾರ್ಕೂರು ಗೆದ್ದ ಹುಬಾಶಿಕ ಆಫ್ರಿಕಾದವನೇ?

ಬಾರ್ಕೂರು ಅಂದ ಕೂಡಲೇ ಭೂತಾಳ ಪಾಂಡ್ಯ, ಕತ್ತಲೆ ಬಸದಿ, ದಿನಕ್ಕೊಂದರಂತೆ ವರ್ಷಕ್ಕಾಗುವಷ್ಟು ದೇವಸ್ಥಾನಗಳು ನೆನಪಾಗುತ್ತವೆ. ಆ ಬಾರ್ಕೂರನ್ನು ಕೊರಗರ ದೊರೆಯೊಬ್ಬ ಗೆದ್ದಿದ್ದ ಎಂಬ ಕಥೆಯನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ಅವನ ಹೆಸರು ಹುಬಾಶಿಕ. ಕೆಲವರ ಬಾಯಲ್ಲಿ ಹಬಾಶಿಕ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದರು. ಅದರಲ್ಲಿ ಈ ಕಥೆ ಇದೆ. ಹಬಾಶಿಕ ಅನಂತಪುರದ ಕಡೆಯಿಂದ ದಂಡು ಕಟ್ಟಿಕೊಂಡು ಅಂಗಾರವರ್ಮನ ಮೇಲೆ ಬಂದ. ಮೊದಲು ಬಾರ್ಕೂರು, ಆಮೇಲೆ ಮಂಗಳೂರು. ಅಲ್ಲಿ ಸಿಡುಬು ತಗಲಿತು. ಮತ್ತೂ ತೆಂಕಿಗೆ ಹೋಗಿ ಮಂಜೇಶ್ವರದ ಹತ್ತಿರ ರಾಜಧಾನಿ ಮಾಡಿಕೊಂಡ. ಹನ್ನೆರಡು ವರ್ಷ ಆಡಳಿತ ನಡೆಯಿತು. ಅವನು ಸತ್ತ ಮೇಲೆ ಹಳೆಯ ಅರಸ ತಿರುಗಿ ಬಂದು ದಂಡನ್ನು ಸೋಲಿಸಿದ. ಸೋತವರು ಆಳುಗಳಾದರು. ಬಟ್ಟೆ ಕಳೆದುಕೊಂಡ ಕೊರಗರು ನೆಕ್ಕಿ ಸೊಪ್ಪು ಸುತ್ತಿಕೊಂಡರು, ಅವರೇ ಸೊಪ್ಪು ಕೊರಗರು ಎಂದು ಕಥೆ ಮುಗಿಯುತ್ತದೆ.

ಇದೇ ಕಥೆಗೆ ಸೇರಿಕೊಂಡ ಇನ್ನೊಂದು ಮಾತಿದೆ: ಹಬಾಶಿಕ ಅಬಿಸೀನಿಯಾದವನು, ಅಂದರೆ ಈಗಿನ ಇಥಿಯೋಪಿಯಾ ಕಡೆಯ ಹಬ್ಶಿ. ಈ ಮಾತು ಹಿಡಿದು ಕೊರಗರನ್ನೇ ಆಫ್ರಿಕಾದವರು ಅನ್ನುವವರು ಇದ್ದಾರೆ. ಮೈಬಣ್ಣ, ಗುಂಗುರು ಕೂದಲು ತೋರಿಸಿ ಹೇಳುವವರೂ ಇದ್ದಾರೆ.

ನಮಗೆ ಇದು ನಂಬುವ ಹಾಗೆ ಕಾಣುವುದಿಲ್ಲ. ಕಥೆಯನ್ನೇ ಸರಿಯಾಗಿ ಓದಿ. ದೊರೆ ಎಲ್ಲಿಯವನೇ ಇರಲಿ, ಅವನ ದಂಡಿನಲ್ಲಿದ್ದವರ ಹೆಸರು ಹೊಲೆಯ, ಮೈಲ, ಅಂಡೆ ಕೊರಗ ಎಂದೇ ಇದೆ. ಯಾರೂ ಹಡಗು ಹತ್ತಿ ಬಂದವರಲ್ಲ. ಕಾಲವೂ ಕೂಡಿಬರುವುದಿಲ್ಲ. ಇನ್ನೊಂದು ಪಾಠದಲ್ಲಿ ಹುಬಾಶಿಕನ ವೈರಿ ಕದಂಬರ ಅರಸ. ಹಬ್ಶಿಗಳು ದಖನ್ನಿನಲ್ಲಿ ದಂಡನಾಯಕರಾದದ್ದು ಅದಕ್ಕೆ ಎಷ್ಟೋ ಶತಮಾನ ಕಳೆದು, ಬಹಮನಿ ಕಾಲದಿಂದ. ಅಹಮದ್‌ನಗರ ಆಳಿಸಿದ ಮಲಿಕ್ ಅಂಬರ್ ತೀರಿಕೊಂಡದ್ದು 1626ರಲ್ಲಿ.

ಭಾಷೆ ಇನ್ನೂ ದೊಡ್ಡ ಸಾಕ್ಷಿ. ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಕೊರಗ ಭಾಷೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಅದು ದ್ರಾವಿಡ ಭಾಷೆ. ಉಡುಪಿ ಕಡೆ ಒಂಟಿ, ಹೆಬ್ರಿ ಕಡೆ ತಪ್ಪು, ನಮ್ಮ ಕುಂದಾಪುರ ಕಡೆ ಮುದು ಎಂದು ಅದಕ್ಕೆ ಒಳನುಡಿಗಳಿವೆ. 2024ರಲ್ಲಿ ಮಂಗಳೂರಿನ ಸಂಶೋಧಕರು ಕೊರಗರ ವಂಶವಾಹಿ ಪರೀಕ್ಷಿಸಿ, ಸುಮಾರು 4,400 ವರ್ಷ ಹಿಂದಿನ ಒಂದು ಬೇರನ್ನು ಗುರುತಿಸಿದರು. ಅದನ್ನು ಅವರು ಜೋಡಿಸಿದ್ದು ದ್ರಾವಿಡ ನುಡಿಯ ಮೂಲದ ಜೊತೆಗೆ, ಆಫ್ರಿಕಾದ ಜೊತೆ ಅಲ್ಲ.

ನಿಜವಾಗಿ ಆಫ್ರಿಕಾದಿಂದ ಬಂದವರು ನಮಗೇನೂ ದೂರ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನ ಸಿದ್ದಿಯರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮಕ್ಕಳು, ಮೊಮ್ಮಕ್ಕಳು. 2011ರ ವಂಶವಾಹಿ ಅಧ್ಯಯನ ಅವರ ಬೇರು ಆಫ್ರಿಕಾದ ಬಂಟು ಜನರಲ್ಲಿದೆ ಎಂದಿತು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಮಾತು ಕೊಂಕಣಿ, ಪೇಟೆಯಲ್ಲಿ ಕನ್ನಡ, ಹಬ್ಬಕ್ಕೆ ಡಮಾಮಿ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆಫ್ರಿಕಾ ಅವರಿಗೆ ಕಥೆಯಲ್ಲ, ಮೈಯಲ್ಲೇ ಇರುವ ಚರಿತ್ರೆ. ಆದರೂ ಅವರು ಇಲ್ಲಿಯವರೇ.

ಹಾಗಾದರೆ ಹಬಾಶಿಕನ ಊರು ಯಾವುದು ಅನ್ನುವುದು ಯಾಕೆ ಇಷ್ಟು ಮುಖ್ಯ? ಯಾಕೆಂದರೆ ಅದೇ ಕಥೆಯನ್ನು ಎರಡು ರೀತಿ ಹೇಳಬಹುದು. ಕೊರಗರು ಹೇಳಿದರೆ, ನಮ್ಮವನೊಬ್ಬ ಈ ಸೀಮೆ ಆಳಿದ್ದ. ಬೇರೆಯವರು ಹೇಳಿದರೆ, ಹೊರಗಿಂದ ದಂಡೆತ್ತಿ ಬಂದು ಸೋತವರು, ಅದಕ್ಕೇ ಹೀಗಾದರು. ಎರಡನೆಯ ಮಾತು ಕೇಳುವುದಕ್ಕೆ ಚರಿತ್ರೆಯ ಹಾಗಿದ್ದರೂ, ಮಾಡಿದ್ದು ಸಮರ್ಥನೆಯ ಕೆಲಸ. ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಡೋಲು ಬಾರಿಸಿಕೊಂಡು ಕೂರಿಸುವುದು, ಇನ್ನೊಬ್ಬರ ದೋಷ ಹೋಗಲಿ ಎಂದು ಉಗುರು, ಕೂದಲು ಬೆರೆಸಿದ ಅನ್ನ ಉಣ್ಣಿಸುವುದು, ಇದೆಲ್ಲ ನಮ್ಮ ಅಜ್ಜಂದಿರ ಕಾಲದಲ್ಲಿ ಮುಗಿದದ್ದಲ್ಲ. ಅಜಲು ನಿಷೇಧಿಸುವ ಕಾಯ್ದೆಯನ್ನು ರಾಜ್ಯ ತಂದದ್ದು 2000ದಲ್ಲಿ. ಇದನ್ನು ಓದುತ್ತಿರುವ ಬಹುಪಾಲು ಜನ ಅಷ್ಟರಲ್ಲಿ ಹುಟ್ಟಿದ್ದಿರಿ!

ಕರ್ನಾಟಕದಲ್ಲಿ ಈಗ ಕೊರಗರು ಇರುವುದು ಹದಿನೈದು ಸಾವಿರದಷ್ಟು. ಜೇನುಕುರುಬರ ಜೊತೆ ರಾಜ್ಯದ ವಿಶೇಷ ದುರ್ಬಲ ಬುಡಕಟ್ಟು ಎಂದು ಕೇಂದ್ರ ಗುರುತಿಸಿರುವುದು ಇವರನ್ನೇ. ಬೀಳಲು ತಂದು ಬುಟ್ಟಿ ಹೆಣೆಯುವ ಕೈಗಳು ಕಡಿಮೆಯಾಗುತ್ತಿವೆ. ಮುದು ನುಡಿ ಮನೆಯೊಳಗಿದ್ದರೂ ಮಕ್ಕಳು ಹೊರಗೆ ಕುಂದಗನ್ನಡವನ್ನೇ ಆಡುತ್ತಾರೆ.

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕೊರಗ ಮನೆಗಳಿಂದಲೂ ಓದುವ ಅಣ್ಣಂದಿರು, ಅಕ್ಕಂದಿರು ಇದ್ದೀರಿ. ನಿಮ್ಮ ಮನೆಯ ಹಿರಿಯರಿಗೆ ಹುಬಾಶಿಕನ ಕಥೆ ಬರುತ್ತದಾ ಕೇಳಿ. ಬಂದರೆ ಮುದು ನುಡಿಯಲ್ಲೇ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಬಾರ್ಕೂರಿನ ಹೆಸರು ಅದರಲ್ಲಿ ಯಾವ ಜಾಗದಲ್ಲಿ ಬರುತ್ತದೆ ಎಂದು ನಮಗೂ ತಿಳಿಸಿ.