ಮೋಟ್ರಿಗಿಂತ ಮೊದ್ಲು ಮೂತಿ ನೋಡಿ

ಹಳೇ ವ್ಯಾಕ್ಯೂಮ್ ಕ್ಲೀನರ್ ಬಿಚ್ಚಿ, ತೊಳ್ದು, ಕೆಟ್ಟಿದ್ದನ್ನ ಬದಲಾಯ್ಸಿ ಹೊಸದ್ರಂಗೆ ಮಾಡಿ ಮಾರೋದು ಈಗ ಮಾಮೂಲಿ. ಮೊಬೈಲಲ್ಲಿ ಒತ್ತಿದ್ರೆ ನಮ್ ಕೊಪ್ಪದ ಬಾಗ್ಲಿಗೂ ಬತ್ತದೆ. ತಗೊಳೋರು ಮೊದ್ಲು ಕೇಳೋದು ಮೋಟ್ರು ಎಷ್ಟು ವ್ಯಾಟು, ರೇಟು ಎಷ್ಟು ಅಂತ. ಜತೇಲಿ ಯಾವ್ಯಾವ ಪೈಪು, ಬ್ರಷ್ಷು, ಮೂತಿ ಕೊಡ್ತರೆ ಅಂತ ಕೇಳೋರು ಕಮ್ಮಿ. ಈ ಮೆಷೀನಿನ ಹಳೇ ಕಥೆ ತಿಳಿದ್ರೆ, ಕೇಳ್ಬೇಕಾಗಿರೋದು ಎರಡ್ನೇದನ್ನೇ ಅಂತ ಗೊತ್ತಾಯ್ತದೆ.

1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಎಂಜಿನಿಯರ್ ಧೂಳೆಳೆಯೋ ಮೆಷೀನು ಮಾಡ್ದ. ಜಾತ್ರೆ ತೊಟ್ಲಿನ ದೊಡ್ಡಣ್ಣನಂಥ ಚಕ್ರಗಳನ್ನ ವಿಯೆನ್ನಾ, ಪ್ಯಾರಿಸ್ ಕಡೆ ಕಟ್ಟಿದ್ದ ಆಸಾಮಿ. ಅವನಿಗಿಂತ ಮುಂಚಿನ ಮೆಷೀನು ಗಾಳಿ ಊದಿ ಧೂಳನ್ನ ಎಬ್ಬಿಸ್ತಿತ್ತು. ಊದೋ ಬದ್ಲು ಎಳೆದ್ರೆ ಹೆಂಗೆ ಅಂತ ಇವನು ಕುರ್ಚಿ ಮೇಲೆ ಕರ್ಚೀಫು ಹಾಕಿ, ಬಾಯಿಟ್ಟು ಉಸಿರು ಎಳೆದು ನೋಡ್ದ. ಕೆಮ್ಮು ಬಂತು, ಆದ್ರೆ ಬಟ್ಟೆ ಅಡಿಗೆ ಧೂಳು ಮೆತ್ತಿಕೊಂಡಿತ್ತು. ಅಂದ್ರೆ ಮೋಟ್ರು ಹುಟ್ಟೋಕೆ ಮೊದ್ಲೇ ಫಿಲ್ಟರ್ ಹುಟ್ಟಿತ್ತು.

ಬೂತ್ ಕಟ್ಟಿದ ಮೆಷೀನು ಪೆಟ್ರೋಲ್ ಎಂಜಿನ್ನಿಂದು. ಕುದುರೆ ಎಳ್ಕೊಂಡು ಬಂದು ಬೀದೀಲಿ ನಿಲ್ಲಿಸೋದು, ಕಿಟಕಿಯಿಂದ ಉದ್ದನೆ ಪೈಪು ಒಳಕ್ಕೆ ಬಿಡೋದು. ಮನೆ ಒಳಗೆ ಬತ್ತಿದ್ದದ್ದು ಪೈಪು, ಮೂತಿ ಅಷ್ಟೇ. 1902ರಲ್ಲಿ ಏಳನೇ ಎಡ್ವರ್ಡ್ ದೊರೆ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಜಮಖಾನೆ ಕ್ಲೀನ್ ಮಾಡಿದ್ದೂ ಹಿಂಗೇ. ಅದೇ ವರ್ಷ ನಮ್ ಕೊಪ್ಪದ ಪಕ್ಕ ಹರಿಯೋ ಕಾವೇರಿ, ಕೆಳಗೆ ಶಿವನಸಮುದ್ರದಲ್ಲಿ ಕರೆಂಟಾಗಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. ನಮ್ ಕಡೆ ಹಟ್ಟಿಗಳಿಗೆ ದೀಪ ಬರೋಕೆ ಆಮೇಲೆ ಎಷ್ಟೋ ವರ್ಷ ಹಿಡೀತು.

ಮೆಷೀನು ಮನೆಯೊಳಕ್ಕೆ ಬಂದದ್ದು ಒಬ್ಬ ಕಸ ಗುಡಿಸೋನಿಂದ. ಅಮೆರಿಕದ ಒಹಾಯೋದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಉಬ್ಬಸ ಇತ್ತು, ಅಂಗಡಿ ಗುಡಿಸೋ ಧೂಳು ಪ್ರಾಣ ತೆಗೀತಿತ್ತು. ಫ್ಯಾನ್ ಮೋಟ್ರು, ಪೊರಕೆ ಹಿಡಿ, ದಿಂಬಿನ ಕವರ್ರು ಸೇರ್ಸಿ ಒಂದು ಮೆಷೀನು ಜೋಡಿಸಿ 1908ರಲ್ಲಿ ಪೇಟೆಂಟ್ ತಗೊಂಡ. ಅದನ್ನ ಕೊಂಡುಕೊಂಡ ಹೂವರ್ ಮನೆತನದ ಹೆಸರು ಲೋಕಕ್ಕೆಲ್ಲ ಗೊತ್ತಾಯ್ತು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ನೆಲದ ಮೇಲೆ ಜಾರೋ ಉದ್ದನೆ ಡಬ್ಬಿ ಮಾಡ್ತು. ಪೈಪು ಹಾಕಿ ಮಂಚದ ಅಡಿಗೂ ಗೋಡೆಗೂ ತಿರುಗಿಸ್ಬೋದಾಯ್ತು.

ಅದೇ ಎಲೆಕ್ಟ್ರೋಲಕ್ಸ್ ಜತೆ ಸೇರಿ 1982ರಲ್ಲಿ ಇಲ್ಲಿ ಯುರೇಕಾ ಫೋರ್ಬ್ಸ್ ಶುರುವಾಯ್ತು. ಟೈ ಕಟ್ಟಿಕೊಂಡ ಹುಡುಗ್ರು ಪೇಟೆ ಮನೆ ಮನೆಗೆ ಹೋಗಿ ಹಾಸಿಗೆ, ಸೋಫಾ ಮೇಲೆ ಮೂತಿ ಆಡಿಸಿ, ಬಂದ ಧೂಳನ್ನ ತೋರಿಸಿ ಮಾರಿದ್ರು. ಯೂರೋಪಿನೋರದು ಜಮಖಾನೆ ಹಾಸಿದ ಮನೆ. ನಮ್ದು ಸಗಣಿ ಸಾರಿಸಿದ ನೆಲ, ಆಮೇಲೆ ರೆಡ್ ಆಕ್ಸೈಡು, ಈಗ ಟೈಲ್ಸು. ಸಗಣಿ ನೆಲಕ್ಕೆ ಇದನ್ನ ಹಿಡಿದಿದ್ರೆ ಕಸದ ಜತೆ ನೆಲವೂ ಎದ್ದು ಬರೋದು! ಪಕ್ಕದ ಬೈಲಕುಪ್ಪೆ ಟಿಬೆಟಿಯನ್ ಕ್ಯಾಂಪಲ್ಲಿ ಜಮಖಾನೆ ನೇಯ್ತಾರೆ, ಹಾಸ್ತಾರೆ. ಅಲ್ಲಿಗೆ ಜಮಖಾನೆ ಮೂತಿ ಸರಿ. ನಮ್ ಹಟ್ಟಿಗೆ ಬೇರೇನೇ ಬೇಕು.

ನಮಗೆ ಬೇಕಾದ್ದು ಇಷ್ಟು. ಹೆಂಚಿನಡಿ ಇಲ್ಲಣ ತೆಗೆಯೋಕೆ ಎರಡು ಉದ್ದನೆ ಪೈಪು, ಗುಂಡನೆ ಬ್ರಷ್ಷು. ಕಿಟಕಿ ಸಂದಿ, ಮಂಚದ ಮೂಲೆಗೆ ಚಪ್ಪಟೆ ಮೂತಿ. ಹಾಸಿಗೆ, ದಿಂಬಿಗೆ ಸಣ್ಣ ಅಗಲ ಮೂತಿ. ಟೈಲ್ಸಿಗೆ ಕೂದಲಿರೋ ನೆಲದ ಬ್ರಷ್ಷು. ಇವಿಷ್ಟಿದ್ರೆ ಗೌರಿ ಹಬ್ಬಕ್ಕೆ ಧೂಳು ಹೊಡೆಯೋ ಕೆಲಸ ಹಗುರ. ಇಲ್ದೋದ್ರೆ ಏಣಿ ಹತ್ತೋದು, ತಲೆಗೆ ಟವಲ್ ಕಟ್ಟಿ ಕಡ್ಡಿ ಪೊರಕೆ ಹಿಡಿಯೋದು ತಪ್ಪಾಕಿಲ್ಲ.

ರಿಪೇರಿ ಮಾಡಿದ ಮೆಷೀನಲ್ಲಿ ಮೋಟ್ರು ಚೆನ್ನಾಗೇ ಇರಬೋದು, ಕಳೆದೋಗೋದು ಈ ಚಿಲ್ಲರೆ ಸಾಮಾನೇ. ಆಮೇಲೆ ಬೇರೆ ತರೋಣ ಅಂದ್ರೆ ಪೈಪಿನ ಬಾಯಿ ಅಳತೆ ಒಂದೇ ಇರಾಕಿಲ್ಲ: ಕೆಲವಕ್ಕೆ 32 ಮಿಲಿಮೀಟರು, ಕೆಲವಕ್ಕೆ 35. ಮೂರು ಮಿಲಿಮೀಟರಿಗೇ ಮೂತಿ ಕೂರಾಕಿಲ್ಲ. ಅದಕ್ಕೆ ದುಡ್ಡು ಕೊಡೋ ಮುಂಚೆ ಸಾಮಾನಿನ ಪಟ್ಟಿ ಬರೆಸ್ಕೊಳಿ, ಒಂದೊಂದನ್ನೂ ಸಿಕ್ಸಿ ನೋಡಿ. ಬಗ್ಗೋ ಪೈಪು ಹಿಡಿ ಹತ್ರ ಸೀಳಿದ್ಯಾ ನೋಡಿ. ಪೈಪಿನ ಬಾಯಿಗೆ ಅಂಗೈ ಇಟ್ರೆ ಗಟ್ಟಿಯಾಗಿ ಹಿಡ್ಕೋಬೇಕು.

ಎಲ್ಲಕ್ಕಿಂತ ಮುಖ್ಯ ಫಿಲ್ಟರ್ರು, ಧೂಳಿನ ಚೀಲ. ಇವು ಮಾತ್ರ ಹೊಸವೇ ಇರ್ಬೇಕು. ಹರಿದ ಚೀಲ, ಸವೆದ ಫಿಲ್ಟರ್ರು ಇದ್ರೆ ಕಣ್ಣಿಗೆ ಕಾಣೋ ಕಸ ಒಳಗೆ ಹೋಯ್ತದೆ, ಕಾಣದ ನುಣ್ಣನೆ ಧೂಳು ಹಿಂದ್ಗಡೆಯಿಂದ ವಾಪಸ್ ಬತ್ತದೆ. ಹೊಗೆಸೊಪ್ಪಿನ ಧೂಳಿಗೆ ಮೊದ್ಲೇ ಎದೆ ಕಟ್ಟಿರೋ ಅವ್ವ ಅಪ್ಪ ಇರೋ ಮನೇಲಿ ಅದು ದುಡ್ಡು ಕೊಟ್ಟು ಉಬ್ಬಸ ತಂದಂಗೆ. ಸ್ಪ್ಯಾಂಗ್ಲರ್ ಯಾವುದನ್ನ ತಪ್ಪಿಸ್ಕೊಳ್ಳೋಕೆ ಒದ್ದಾಡಿದ್ನೋ ಅದನ್ನೇ ನಾವು ಮನೆಗೆ ಕರ್ಕೊಂಡಂಗೆ. ಮತ್ತೆ ಒಂದು ಮಾತು: ಒಲೆ ಬೂದಿ, ಒದ್ದೆ ಕಸ ಇದಕ್ಕೆ ತೋರಿಸ್ಬೇಡಿ. ಬೂದೀಲಿ ಕೆಂಡ ಅಡಗಿದ್ರೆ ಚೀಲ ಹೊತ್ಕೊಳ್ತದೆ. ಅದಕ್ಕೆ ನಮ್ ಪೊರಕೇನೇ ಸರಿ.